ಯಾವುದ್ರಲ್ಲೂ ರುಚಿನೇ ಇಲ್ದಂಗಾಗಿದೆ, ಕೊಳಲು ಮುಟ್ಟಿ ಏಳು ತಿಂಗಳಾಯ್ತು

ಕೋಟೆಬೀದಿ_ಕೊಳಲು
ಜೂನ್ 9, ರಾತ್ರಿ 11:40

ಎಲ್ರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೀತಿರೋದು ಇದೇ ಮೊದಲು. ಹೇಗೆ ಹೇಳ್ಬೇಕು ಅಂತಾನೂ ಗೊತ್ತಾಗ್ತಿಲ್ಲ, ಯಾಕಂದ್ರೆ ಇಲ್ಲಿ ನೋಯ್ತಿದೆ ಅಂತ ಕೈ ಇಟ್ಟು ತೋರ್ಸೋಕೆ ನನ್ ಹತ್ರ ಏನೂ ಇಲ್ಲ. ವಯಸ್ಸು 39, ಮನೆ ಚಾಮರಾಜಪೇಟೆ, ಜಯನಗರದಲ್ಲಿ ಒಬ್ರು ಆಡಿಟರ್ ಹತ್ರ ಕೆಲ್ಸ. ಅಮ್ಮ, ಹೆಂಡ್ತಿ, ಏಳು ವರ್ಷದ ಮಗಳು ಇದಾರೆ. ದೊಡ್ಡ ಸಾಲ ಇಲ್ಲ, ಮನೇಲಿ ಜಗಳ ಇಲ್ಲ, ಯಾರೂ ತೀರ್ಕೊಂಡಿಲ್ಲ. ಆದ್ರೂ ಯಾವುದ್ರಲ್ಲೂ ಮನಸ್ಸಿಲ್ಲ.

ಮೊದಲು ಗಮನಕ್ಕೆ ಬಂದಿದ್ದು ಹೋದ ನವೆಂಬರ್‌ನಲ್ಲಿ, ಕಡ್ಲೇಕಾಯಿ ಪರಿಷೇಲಿ. ನಾನು ಹುಟ್ಟಿ ಬೆಳೆದಿದ್ದೇ ಈ ಕಡೆ, ಕಾರ್ತಿಕದ ಕೊನೇ ಸೋಮವಾರ ಅಂದ್ರೆ ನಂಗೆ ದೀಪಾವಳಿಗಿಂತ ದೊಡ್ಡದು, ಬುಲ್ ಟೆಂಪಲ್ ರೋಡಲ್ಲಿ ಆ ನೂಕುನುಗ್ಗಲಲ್ಲಿ ಸುಮ್ನೆ ಆ ಕಡೆಯಿಂದ ಈ ಕಡೆಗೆ ನಡೆಯೋದೇ ಒಂದು ಖುಷಿ. ಈ ಸಲ ಮಗಳ ಕೈ ಹಿಡ್ಕೊಂಡು ಹೋದೆ, ಎರಡು ಸೇರು ಹಸಿ ಕಡ್ಲೇಕಾಯಿ ತಗೊಂಡೆ, ಒಂದು ಸುಲಿದು ಬಾಯಿಗೆ ಹಾಕ್ಕೊಂಡೆ, ಕಡ್ಲೇಕಾಯಿ ಥರಾನೇ ಇತ್ತು, ಅಷ್ಟೇ. ಇನ್ನೊಂದು ಸುಲೀಬೇಕು ಅನ್ನಿಸ್ಲೇ ಇಲ್ಲ. ಚೀಲ ಅಡುಗೆಮನೆ ಮೂಲೇಲಿ ಹಾಗೇ ಉಳೀತು, ಮೂರು ವಾರ ಆದ್ಮೇಲೆ ಹೆಂಡ್ತಿ ಬಿಚ್ಚಿ ನೋಡಿದ್ರೆ ಬೂಷ್ಟು ಹಿಡಿದಿತ್ತು. ಅವ್ಳು ಏನೂ ಅನ್ನಲಿಲ್ಲ, ನನ್ ಮುಖ ಒಂದ್ಸಲ ನೋಡಿ ತಗೊಂಡೋಗಿ ಚೆಲ್ಲಿದ್ಲು.

ಆಮೇಲೆ ಕೊಳಲು. ಹನ್ನೆರಡನೇ ವಯಸ್ಸಿಂದ ನುಡಿಸ್ತಿದೀನಿ, ದೊಡ್ಡ ವಿದ್ವಾಂಸ ಏನಲ್ಲ, ಆದ್ರೆ ಆಫೀಸಿಂದ ಬಂದು ಕೈಕಾಲು ತೊಳ್ಕೊಂಡು ಅರ್ಧ ಗಂಟೆ ಮೋಹನಾನೋ ಹಂಸಧ್ವನಿನೋ ನುಡಿಸದೇ ಇದ್ರೆ ನಂಗೆ ಊಟ ಸೇರ್ತಿರಲಿಲ್ಲ. ಈಗ ಅದು ಬೀರು ಮೇಲಿದೆ, ನೋಡ್ತೀನಿ, ಕೈ ಹೋಗಲ್ಲ. ಏಪ್ರಿಲ್‌ನಲ್ಲಿ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ ಹೋಗಿದ್ದೆ, 1939ರಿಂದ ನಡ್ಕೊಂಡ್ ಬಂದಿರೋದು, ನಮ್ ತಾತನೂ ಅಲ್ಲೇ ಕೂತು ಕೇಳಿದ್ದು. ಪಕ್ಕದಲ್ಲಿ ಒಬ್ರು ವಯಸ್ಸಾದವ್ರು ಕಣ್ಮುಚ್ಚಿ ತೊಡೆ ಮೇಲೆ ತಾಳ ಹಾಕ್ತಿದ್ರು. ನಂಗೆ ರಾಗ ಯಾವುದು ಅಂತ ಗೊತ್ತಾಗ್ತಿತ್ತು, ಕಲಾವಿದರು ಚೆನ್ನಾಗಿ ಹಾಡ್ತಿದಾರೆ ಅಂತಾನೂ ಗೊತ್ತಾಗ್ತಿತ್ತು, ಒಳಗೆ ಮಾತ್ರ ಏನೂ ಅಲ್ಲಾಡ್ಲಿಲ್ಲ. ಮುಕ್ಕಾಲು ಗಂಟೆಗೆ ಎದ್ದು ಬಂದ್ಬಿಟ್ಟೆ.

ಇವತ್ತು ಬರೆಯೋಕೆ ಕಾರಣ ಮಗಳು. ಸ್ಕೂಲಲ್ಲಿ ನನ್ನ ಚಿತ್ರ ಬರೆದಿದ್ಲು, ಕೈಯಲ್ಲಿ ಕೊಳಲು, ಅದಕ್ಕೆ ಸರಿಯಾಗಿ ಎಂಟು ತೂತು ಎಣಿಸಿ ಹಾಕಿದ್ಲು. ‘ಅಪ್ಪಾ ನೋಡು’ ಅಂದ್ಲು. ಚೆನ್ನಾಗಿದೆ ಪುಟ್ಟಿ ಅಂದೆ. ಹಾಗಂತ ಬಾಯಿ ಹೇಳ್ತು, ಆದ್ರೆ ಎದೇಲಿ ಆಗ್ಬೇಕಾಗಿದ್ದು ಆಗ್ಲಿಲ್ಲ. ಅವ್ಳಿಗೆ ಗೊತ್ತಾಯ್ತೇನೋ ಅಂತ ನಂಗೆ ಭಯ ಆಗ್ತಿದೆ.

ಅಳು ಬರಲ್ಲ, ದುಃಖನೂ ಇಲ್ಲ, ಕೆಲ್ಸ ನಡೀತಿದೆ. ಅಮ್ಮ ದೃಷ್ಟಿ ಆಗಿದೆ ಅಂತಾರೆ. ಫ್ರೆಂಡ್ಸ್ ಚಿಕ್ಕಮಗಳೂರಿಗೆ ಕರ್ಕೊಂಡು ಹೋದ್ರು, ಅಲ್ಲೂ ಬೆಟ್ಟನ ಕ್ಯಾಲೆಂಡರ್ ಚಿತ್ರ ನೋಡ್ದಂಗೆ ನೋಡ್ಕೊಂಡು ಬಂದೆ. ಇದು ವಯಸ್ಸಿಂದಾ? ಸೋಮಾರಿತನಾನಾ? ಇದಕ್ಕೆಲ್ಲಾ ಡಾಕ್ಟರ್ ಹತ್ರ ಹೋಗ್ತಾರಾ? ಯಾರಿಗಾದ್ರೂ ಹೀಗಾಗಿದ್ರೆ ದಯವಿಟ್ಟು ಹೇಳಿ.

---

ನಾಲ್ಕುಚುಕ್ಕಿ
ಜೂನ್ 10, ಬೆಳಿಗ್ಗೆ 6:15

ಸರ್, ನಿಮ್ಮ ಪೋಸ್ಟ್ ಓದಿ ರಾತ್ರಿ ನಿದ್ದೆ ಬರಲಿಲ್ಲ, ನನ್ನದೇ ಕಥೆ ಯಾರೋ ಬರೆದಂಗಿದೆ. ನಾನು ವಿಜಯನಗರ, 44 ವರ್ಷ, ಮೂರು ವರ್ಷದ ಹಿಂದೆ ನಂಗೂ ಹೀಗೇ ಆಗಿತ್ತು. ಸೋಮಾರಿತನ ಅಲ್ಲ, ಅದನ್ನ ಮೊದ್ಲು ತಲೆಯಿಂದ ತೆಗೀರಿ. ಸೋಮಾರಿಗೆ ಮಾಡ್ಬೇಕಾದ ಕೆಲ್ಸ ಬೇಡ ಅನ್ಸುತ್ತೆ, ನಮ್ಗೆ ಇಷ್ಟದ್ದೇ ಬೇಡ ಅನ್ಸಿತ್ತಲ್ವಾ.

ನಾನೂ ಒಂದು ವರ್ಷ ಸುಮ್ನಿದ್ದೆ, ಯಾಕಂದ್ರೆ ಡಿಪ್ರೆಷನ್ ಅಂದ್ರೆ ಅಳ್ತಾ ಕೂತಿರೋದು ಅಂತ ತಿಳ್ಕೊಂಡಿದ್ದೆ, ನಂಗೆ ಅಳುನೇ ಇರಲಿಲ್ಲ. ಕೊನೆಗೆ ಸೊಂಟನೋವಿಗೆ ಅಂತ ಮನೆ ಹತ್ರದ ಡಾಕ್ಟರಮ್ಮನ ಹತ್ರ ಹೋದಾಗ ಅವ್ರು ಒಂದು ಹಾಳೆ ಕೊಟ್ಟು ತುಂಬ್ಸಿ ಅಂದ್ರು. ಒಂಬತ್ತು ಪ್ರಶ್ನೆ. ಮೊದಲ್ನೇದೇ ಇದು: ಕಳೆದ ಎರಡು ವಾರದಲ್ಲಿ ಕೆಲ್ಸಗಳಲ್ಲಿ ಆಸಕ್ತಿ, ಖುಷಿ ಇಲ್ದೇ ಇದ್ದಿದ್ದು ಎಷ್ಟು ದಿನ ಅಂತ. ದುಃಖದ ಪ್ರಶ್ನೆ ಬರೋದು ಎರಡನೇದು! ಅವತ್ತು ನಂಗೆ ಗೊತ್ತಾಯ್ತು ಇದಕ್ಕೂ ಒಂದು ಲೆಕ್ಕ ಇದೆ, ನಾನೊಬ್ಳೇ ಅಲ್ಲ ಅಂತ.

ಆ ಡಾಕ್ಟರಮ್ಮ ಮೊದ್ಲು ಮಾಡಿದ್ದು ರಕ್ತ ಪರೀಕ್ಷೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಶುಗರ್, ವಿಟಮಿನ್ ಡಿ. ನಂಗೆ ಟಿಎಸ್‌ಎಚ್ ಜಾಸ್ತಿ ಇತ್ತು, ಅಂದ್ರೆ ಥೈರಾಯ್ಡ್ ಕಮ್ಮಿ ಕೆಲ್ಸ ಮಾಡ್ತಿದೆ ಅಂತ. ಥೈರಾಯ್ಡ್ ಕಮ್ಮಿ ಆದ್ರೂ ಮನಸ್ಸು ಹೀಗೇ ಮಂಕಾಗುತ್ತಂತೆ. ನೀವು ಶಾಕಾಹಾರಿ ಆಗಿದ್ರೆ ಬಿ12 ಖಂಡಿತ ನೋಡ್ಸಿ. ಆದ್ರೆ ನಂಗೆ ಥೈರಾಯ್ಡ್ ಮಾತ್ರೆ ಒಂದರಿಂದಲೇ ಸರಿ ಹೋಗ್ಲಿಲ್ಲ, ಆಮೇಲೆ ಸೈಕಿಯಾಟ್ರಿಸ್ಟ್ ಹತ್ರ ಹೋಗಿ ಮಾತ್ರೆ ತಗೊಂಡೆ, ಜೊತೆಗೆ ವಾರಕ್ಕೊಂದ್ಸಲ ಥೆರಪಿ.

ಥೆರಪಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಂಗೆ ದಾರಿ ತೋರ್ಸಿದ್ದು ಅದೇ. ಮೊದ್ಲು ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಿದ್ದೆ, ಧನುರ್ಮಾಸದಲ್ಲಂತೂ ಹದಿನೈದು ಚುಕ್ಕಿ ಇಟ್ಟು ಅರ್ಧ ರಸ್ತೆಗೆ ಹಾಕೋಳು. ಖಾಯಿಲೆ ಬಂದ್ಮೇಲೆ ಸ್ಟಿಕ್ಕರ್ ಅಂಟಿಸಿಬಿಟ್ಟಿದ್ದೆ. ಥೆರಪಿಸ್ಟ್ ಹುಡುಗಿ, ನನ್ ತಂಗಿ ವಯಸ್ಸು, ಅವ್ಳು ಹೇಳಿದ್ಲು ‘ಅಕ್ಕ, ರಂಗೋಲಿ ಬೇಡ, ನಾಲ್ಕೇ ನಾಲ್ಕು ಚುಕ್ಕಿ ಇಡಿ, ಗೆರೆ ಎಳೀಬೇಡಿ, ಇಷ್ಟ ಆಗ್ಲಿ ಬಿಡ್ಲಿ ಇಟ್ಟು ಒಳಗೆ ಬನ್ನಿ, ಬಂದು ಈ ಪುಸ್ತಕದಲ್ಲಿ ಹತ್ತಕ್ಕೆ ಎಷ್ಟು ಖುಷಿ ಆಯ್ತು ಅಂತ ಬರೀರಿ’. ಸೊನ್ನೆ. ಮಾರನೇ ದಿನ ಸೊನ್ನೆ. ಹತ್ತು ದಿನ ಬರೀ ಸೊನ್ನೆ. ಏನಮ್ಮಾ ಇದು ಅಂತ ಕೇಳಿದೆ, ‘ಸೊನ್ನೆನೇ ಬರಲಿ ಅಕ್ಕ, ನೀವು ಇಟ್ರಲ್ಲ, ಅದು ಮುಖ್ಯ’ ಅಂದ್ಲು. ಹದಿನೆಂಟನೇ ದಿನವೋ ಹತ್ತೊಂಬತ್ತನೇ ದಿನವೋ, ಚುಕ್ಕಿ ಇಡೋವಾಗ ಹೆಬ್ಬೆರಳು ತೋರುಬೆರಳ ಮಧ್ಯದಿಂದ ಪುಡಿ ಸಣ್ಣಗೆ ಸಮವಾಗಿ ಜಾರ್ತು ನೋಡಿ, ಆ ತಣ್ಣನೆ ನುಣುಪು ಬೆರಳಿಗೆ ಗೊತ್ತಾಯ್ತು. ಅಷ್ಟೇ. ಒಳಗೆ ಬಂದು ಎರಡು ಅಂತ ಬರೆದೆ, ಬರೆದು ಅಡುಗೆಮನೇಲಿ ನಿಂತು ಅತ್ತೆ, ಒಂದೂವರೆ ವರ್ಷದಲ್ಲಿ ಮೊದಲ್ನೇ ಸಲ.

ಆಮೇಲೂ ಸೊನ್ನೆ ದಿನಗಳು ಎಷ್ಟೋ ಬಂದ್ವು, ಒಂದೇ ಸಲ ಸರಿ ಹೋಗ್ಲಿಲ್ಲ. ಎಲ್ಲಾ ಸೇರಿ ಎಂಟು ಹತ್ತು ತಿಂಗಳು ಹಿಡೀತು. ನೀವು ಇವತ್ತೇ ರಾಗ ನುಡಿಸೋಕೆ ಹೋಗ್ಬೇಡಿ ಸರ್. ಕೊಳಲನ್ನ ಬೀರು ಮೇಲಿಂದ ಇಳ್ಸಿ, ಬಟ್ಟೇಲಿ ಒರೆಸಿ, ಇಟ್ಬಿಡಿ.

---

ಹನುಮಂತನಗರ_ಹಳಬ
ಜೂನ್ 10, ಬೆಳಿಗ್ಗೆ 9:02

ತಮ್ಮಾ, ನಿನ್ನ ವಯಸ್ಸಿಗೆ ಇದೆಲ್ಲಾ ಸಹಜ, ಮನೆ ಜವಾಬ್ದಾರಿ ಜಾಸ್ತಿ ಆದಾಗ ಹೀಗಾಗುತ್ತೆ. ಸೈಕಿಯಾಟ್ರಿಸ್ಟ್, ಮಾತ್ರೆ ಅಂತೆಲ್ಲಾ ಹೋಗ್ಬೇಡ, ಒಂದ್ಸಲ ಅಭ್ಯಾಸ ಆದ್ರೆ ಬಿಡೋಕಾಗಲ್ಲ ಅಂತ ಕೇಳಿದೀನಿ. ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ ರಾಮಾಂಜನೇಯ ಗುಡ್ಡ ಹತ್ತಿ ಬಾ, ಮೊಬೈಲ್ ಕಮ್ಮಿ ಮಾಡು, ಒಳ್ಳೇದನ್ನೇ ಯೋಚ್ನೆ ಮಾಡು. ಹೆಂಡ್ತಿ ಮಗಳು ಎದುರಿಗಿದ್ದಾರೆ, ಅವರ ಮುಖ ನೋಡಿ ಸಂತೋಷ ಪಡು. ನನ್ನ ಅನುಭವದ ಮಾತು, ಬೇಜಾರು ಮಾಡ್ಕೋಬೇಡ.

---

ಕೋಟೆಬೀದಿ_ಕೊಳಲು
ಜೂನ್ 10, ಮಧ್ಯಾಹ್ನ 1:30

ಅಕ್ಕ, ತುಂಬಾ ಥ್ಯಾಂಕ್ಸ್. ಬೆರಳಿಗೆ ಗೊತ್ತಾಯ್ತು ಅಂದ್ರಲ್ಲ, ಅದನ್ನ ಮೂರು ಸಲ ಓದ್ದೆ. ಸರ್, ನೀವು ಕಾಳಜಿಯಿಂದ ಹೇಳಿದ್ದು ಅಂತ ಗೊತ್ತು, ಬೇಜಾರಿಲ್ಲ. ಆದ್ರೆ ಹೆಂಡ್ತಿ ಮಗಳ ಮುಖ ನೋಡಿದ್ರೂ ಸಂತೋಷ ಆಗ್ತಿಲ್ಲ ಅನ್ನೋದೇ ನನ್ನ ಕಷ್ಟ. ಮಾತ್ರೆ ಅಭ್ಯಾಸ ಆಗುತ್ತೆ ಅನ್ನೋ ಭಯ ನಂಗೂ ಇದೆ, ಅಮ್ಮನಿಗಂತೂ ನಿಮ್ಹಾನ್ಸ್ ಅಂದ್ರೆ ಹುಚ್ಚಾಸ್ಪತ್ರೆ ಅಂತಾನೇ ತಲೇಲಿದೆ. ಗೊತ್ತಿರೋರು ಯಾರಾದ್ರೂ ಹೇಳಿ.

---

ಮೂರನೇಕ್ರಾಸ್_ಕೌನ್ಸೆಲರ್
ಜೂನ್ 10, ರಾತ್ರಿ 9:48

ನಾನು ಹದಿನಾಲ್ಕು ವರ್ಷದಿಂದ ಕೌನ್ಸೆಲಿಂಗ್ ಮಾಡ್ತಿದೀನಿ. ಇಲ್ಲಿ ಬರೆದಿದ್ದನ್ನೇ ನೋಡಿ ಇದು ಇಂಥದ್ದೇ ಅಂತ ಹೇಳೋ ಹಾಗಿಲ್ಲ, ಎದುರಿಗೆ ಕೂತು ನೋಡ್ಬೇಕು. ಆದ್ರೆ ನಿಮ್ಮ ಪೋಸ್ಟಲ್ಲಿರೋದಕ್ಕೆ ಒಂದು ಹೆಸರಿದೆ, ಅನ್‌ಹೆಡೋನಿಯಾ, ಅಂದ್ರೆ ಯಾವುದ್ರಲ್ಲೂ ಆಸಕ್ತಿ, ಖುಷಿ ಇಲ್ದೇ ಹೋಗೋದು. ಫ್ರೆಂಚ್ ಮನಶ್ಶಾಸ್ತ್ರಜ್ಞ ರಿಬೋ ಅನ್ನೋರು 1896ರಲ್ಲೇ ಈ ಪದ ತಂದಿದ್ದು. ನಮ್ಮಲ್ಲಿ ಜನ ಬಂದು ಹೇಳೋದು ‘ಮನಸ್ಸು ಮರಗಟ್ಟಿದೆ ಮೇಡಂ’ ಅಂತ, ನಂಗೆ ಆ ಮಾತೇ ಹೆಚ್ಚು ಸರಿ ಅನ್ಸುತ್ತೆ. ಖಿನ್ನತೆ ಅಂತ ಗುರುತಿಸೋಕೆ ಒಂಬತ್ತು ಲಕ್ಷಣದಲ್ಲಿ ಐದು, ಎರಡು ವಾರ ಇರ್ಬೇಕು, ಅದ್ರಲ್ಲಿ ಒಂದು ಕುಗ್ಗಿದ ಮನಸ್ಸು ಇಲ್ಲಾಂದ್ರೆ ಈ ನಿರಾಸಕ್ತಿ ಆಗಿರ್ಲೇಬೇಕು. ಅಂದ್ರೆ ಕಣ್ಣಲ್ಲಿ ಒಂದು ಹನಿ ನೀರಿಲ್ಲದೇನೂ ಖಿನ್ನತೆ ಇರಬಹುದು.

ಹನುಮಂತನಗರದ ಸರ್‌ಗೆ ಗೌರವದಿಂದಲೇ ಹೇಳ್ತೀನಿ, ಗುಡ್ಡ ಹತ್ತೋದು ಒಳ್ಳೇ ಮಾತು, ನಾನೂ ಅದನ್ನೇ ಹೇಳ್ತೀನಿ. ‘ಸಂತೋಷ ಪಡು’ ಅನ್ನೋದು ಮಾತ್ರ ಈ ಸ್ಥಿತೀಲಿ ಇರೋರಿಗೆ ಏಟಿನ ಥರ ಬೀಳುತ್ತೆ ಸರ್. ಜೋಮು ಹಿಡಿದ ಕಾಲಿಗೆ ನೆಲ ಮುಟ್ಟು ಅನ್ನಬಹುದು, ನೆಲ ತಣ್ಣಗಿದೆ ಅಂತ ಅನುಭವಿಸು ಅನ್ನೋಕಾಗಲ್ಲ.

ಮಿದುಳಲ್ಲಿ ‘ಬೇಕು’ ಅನ್ನೋದು ಬೇರೆ, ‘ಚೆನ್ನಾಗಿದೆ’ ಅನ್ನೋದು ಬೇರೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಅನ್ನೋರು ಇದರ ಮೇಲೆ ವರ್ಷಾನುಗಟ್ಲೆ ಕೆಲ್ಸ ಮಾಡಿದಾರೆ, ಡೋಪಮಿನ್ ಅನ್ನೋ ಮಿದುಳಿನ ರಾಸಾಯನಿಕ ಮುಖ್ಯವಾಗಿ ಈ ‘ಬೇಕು’ಗೆ ಸೇರಿದ್ದು ಅಂತ ಅವ್ರು ತೋರ್ಸಿದ್ದು. ತುಂಬಾ ಜನಕ್ಕೆ ಮೊದ್ಲು ಕೆಡೋದು ಈ ‘ಬೇಕು’ನೇ. ಮಾಡಿದ್ರೆ ಒಂದಿಷ್ಟು ಹಿತ ಸಿಗಬಹುದು, ಆದ್ರೆ ಸಿಗುತ್ತೆ ಅಂತ ಮನಸ್ಸು ಮುಂಚೆನೇ ಹೇಳಲ್ಲ, ಅದಕ್ಕೇ ಕೈ ಹೋಗಲ್ಲ, ಕೈ ಹೋಗಲ್ಲ ಅಂತ ಮಾಡಲ್ಲ, ಮಾಡದೇ ಇರೋದ್ರಿಂದ ಇನ್ನೂ ಮರಗಟ್ಟುತ್ತೆ. ನಾಲ್ಕುಚುಕ್ಕಿ ಅಕ್ಕನಿಗೆ ಅವರ ಥೆರಪಿಸ್ಟ್ ಮಾಡ್ಸಿದ್ದು ಈ ಸುತ್ತನ್ನ ಒಂದು ಕಡೆ ಮುರಿಯೋ ಕೆಲ್ಸ. ಅದನ್ನ ಬಿಹೇವಿಯರಲ್ ಆಕ್ಟಿವೇಷನ್ ಅಂತಾರೆ. ಇಷ್ಟ ಬರಲಿ ಆಮೇಲೆ ಮಾಡ್ತೀನಿ ಅಂತ ಕಾಯೋದಲ್ಲ, ಚಿಕ್ಕದೊಂದು ಮಾಡ್ತಾ ಹೋಗೋದು, ಇಷ್ಟ ಹಿಂದಿನಿಂದ ನಿಧಾನಕ್ಕೆ ಬರುತ್ತೆ. 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಬ್ರಿಟನ್‌ನ ಅಧ್ಯಯನದಲ್ಲಿ 440 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, ಇದು ಸಿಬಿಟಿಗೆ, ಅಂದ್ರೆ ಯೋಚ್ನೆ ಮಾಡೋ ರೀತಿ ಬದಲಾಯಿಸೋ ಥೆರಪಿಗೆ, ಏನೂ ಕಮ್ಮಿ ಇಲ್ಲ ಅಂತ ಬಂತು. ನಮ್ಮ ಪಕ್ಕದ ಗೋವಾದಲ್ಲೇ ಮಾಡಿದ ಕೆಲ್ಸ 2017ರಲ್ಲಿ ಅದೇ ಪತ್ರಿಕೇಲಿ ಬಂತು, ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಿ ಕೊಟ್ಟ ಸಾಮಾನ್ಯ ಜನಾನೇ ಆರೆಂಟು ಸಲ ಕೂತು ಮಾತಾಡಿ ಇಂಥದ್ದೇ ಮಾಡ್ಸಿದ್ದು, ತೀವ್ರ ಖಿನ್ನತೆ ಇದ್ದೋರಿಗೂ ಉಪಯೋಗ ಆಗಿದೆ.

ಮಾತ್ರೆ ವಿಷಯ. ಖಿನ್ನತೆಗೆ ಸಾಮಾನ್ಯವಾಗಿ ಕೊಡೋ ಮಾತ್ರೆಗಳು ನಿದ್ದೆ ಮಾತ್ರೆ ಥರ ಚಟ ಹಿಡಿಸೋವಲ್ಲ. ಗುಣ ಕಾಣೋಕೆ ಕೆಲವು ವಾರ ಬೇಕು, ನಾಲ್ಕು ದಿನಕ್ಕೇ ಏನೂ ಆಗ್ಲಿಲ್ಲ ಅಂತ ಬಿಡ್ಬಾರ್ದು, ಚೆನ್ನಾಗಾಯ್ತು ಅಂತ ಒಂದೇ ಸಲ ನಿಲ್ಲಿಸ್ಲೂಬಾರ್ದು, ಡಾಕ್ಟರ್ ಹೇಳ್ದಂಗೆ ಇಳಿಸ್ಕೊಂಡು ಬರ್ಬೇಕು. ಇನ್ನೊಂದು ಹೇಳ್ಬೇಕು: ಕೆಲವ್ರಿಗೆ ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನ ಖಿನ್ನತೆ ಮಾತ್ರೆಯಿಂದಲೇ ಭಾವನೆಗಳು ಮಂದ ಆಗೋದುಂಟು. ಹಾಗಾದ್ರೆ ಡಾಕ್ಟರ್ ಹತ್ರ ಮುಚ್ಚಿಡ್ಬೇಡಿ, ಡೋಸ್ ಬದಲಾಯಿಸ್ತಾರೆ ಇಲ್ಲ ಬೇರೆ ಮಾತ್ರೆ ನೋಡ್ತಾರೆ.

ನಿಮ್ಹಾನ್ಸ್ ಬಗ್ಗೆ ಅಮ್ಮನಿಗೆ ಹೀಗೆ ಹೇಳಿ, ಅಲ್ಲಿ ತಲೆನೋವು, ಫಿಟ್ಸ್, ಪಾರ್ಶ್ವವಾಯು ಎಲ್ಲಕ್ಕೂ ನೋಡ್ತಾರೆ, ದಿನಾ ನಮ್ಮಂಥೋರೇ ಬಂದು ತೋರ್ಸ್ಕೊಂಡು ಬಸ್ ಹತ್ತಿ ಮನೆಗೆ ಹೋಗ್ತಾರೆ. ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗೋದಾದ್ರೆ ಬೆಳಿಗ್ಗೆ ಬೇಗ ಹೋಗಿ, ಜನ ತುಂಬಾ ಇರ್ತಾರೆ, ಇಡೀ ದಿನ ರಜೆ ಹಾಕಿ. ಬಿ.ಟಿ.ಎಂ. ಲೇಔಟಲ್ಲಿ ಅವರದ್ದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ, ಆಸ್ಪತ್ರೆ ವಾತಾವರಣ ಬೇಡ ಅನ್ನೋರು ಅಲ್ಲಿಗೆ ಫೋನ್ ಮಾಡಿ ಕೇಳ್ಬಹುದು. ಎಲ್ಲಿಗೂ ಹೋಗೋಕೆ ಕಾಲೇಳ್ತಿಲ್ಲ ಅಂದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ದುಡ್ಡು ಕೊಡ್ಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ್ಲೂ, ಕನ್ನಡದಲ್ಲೇ ಮಾತಾಡ್ಬಹುದು. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಅದಕ್ಕೆ ಮುಖ್ಯ ಕೇಂದ್ರವೂ ನಿಮ್ಹಾನ್ಸೇ.

ಕೊನೇದಾಗಿ ನೇರವಾಗಿ ಕೇಳ್ತೀನಿ, ಇರೋದೇ ಬೇಡ, ಸತ್ತರೆ ಸಾಕು ಅನ್ನೋ ಯೋಚ್ನೆ ಬಂದಿದೆಯಾ? ಬಂದಿದ್ರೆ ನಾಳೆಗೆ ಇಡ್ಬೇಡಿ, ಈಗ್ಲೇ ಹೆಂಡ್ತಿನ ಎಬ್ಬಿಸಿ ಹೇಳಿ, ಆ ನಂಬರ್‌ಗೆ ಫೋನ್ ಮಾಡಿ, ಇಲ್ಲ ಹತ್ರದ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

---

ಕೋಟೆಬೀದಿ_ಕೊಳಲು
ಜೂನ್ 10, ರಾತ್ರಿ 10:20

ಇಲ್ಲ ಮೇಡಂ, ಅಂಥದ್ದು ಬಂದಿಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್. ಇಷ್ಟು ದಿನದಲ್ಲಿ ಯಾರೂ ನೇರವಾಗಿ ಕೇಳಿರ್ಲಿಲ್ಲ. ಈ ಪೋಸ್ಟನ್ನ ಈಗ ಹೆಂಡ್ತಿಗೆ ತೋರಿಸ್ತೀನಿ, ಬಾಯಲ್ಲಿ ಹೇಳೋಕೆ ಆಗ್ತಿಲ್ಲ.

---

ಸ್ಯಾಂಕಿಕೆರೆ_ದಂಡೆ
ಜೂನ್ 11, ಬೆಳಿಗ್ಗೆ 7:30

ಇದು ನಿಮ್ಮ ಮನೆಯವ್ರಿಗೆ, ಅವ್ರೂ ಓದ್ತಾರೆ ಅಂದ್ಕೊಂಡು ಬರೀತಿದೀನಿ. ಅಕ್ಕ ಅನ್ಲೋ ತಂಗಿ ಅನ್ಲೋ, ನಾನು ಮಲ್ಲೇಶ್ವರ, ನಮ್ಮ ಯಜಮಾನ್ರಿಗೆ ಎರಡು ವರ್ಷ ಹೀಗಿತ್ತು. ನಂಗೆ ಮೊದ್ಲು ಅನ್ಸಿದ್ದೇನಂದ್ರೆ ಇವ್ರಿಗೆ ನನ್ ಮೇಲೆ ಪ್ರೀತಿ ಹೋಗಿದೆ ಅಂತ. ಅದು ಹಾಗಲ್ಲ ಅಂತ ತಿಳಿಯೋಕೆ ತುಂಬಾ ದಿನ ಬೇಕಾಯ್ತು, ಅಷ್ಟು ದಿನ ನಾನೂ ಒಳಗೊಳಗೇ ಸುಟ್ಟುಹೋದೆ. ನಿಮಗೂ ಹಾಗನ್ಸಿದ್ರೆ ಅದನ್ನ ಖಾಯಿಲೆ ಲೆಕ್ಕಕ್ಕೆ ಬರ್ಕೊಳ್ಳಿ, ಅವರ ಲೆಕ್ಕಕ್ಕೆ ಬೇಡ.

ನಾನು ಮಾಡಿದ ತಪ್ಪು ಒಂದು, ಇವ್ರನ್ನ ಖುಷಿ ಪಡ್ಸೋಕೆ ಹೋಗಿದ್ದು. ಹುಟ್ಟಿದಬ್ಬಕ್ಕೆ ಹೇಳದೇ ಕೇಳದೇ ಇಪ್ಪತ್ತು ಜನ ಕರೆದೆ. ಅವ್ರು ನಗೋ ಪ್ರಯತ್ನ ಮಾಡ್ತಾ ಮಾಡ್ತಾ ರಾತ್ರಿ ಹೊತ್ತಿಗೆ ಪೂರ್ತಿ ಸೋತುಹೋಗಿದ್ರು. ಪ್ರತೀ ಸಲ ‘ಚೆನ್ನಾಗಿತ್ತಾ? ಖುಷಿ ಆಯ್ತಾ?’ ಅಂತ ಕೇಳ್ತಿದ್ದೆ, ಅದು ಅವ್ರಿಗೆ ಪರೀಕ್ಷೆ ಆಗೋಗಿತ್ತು. ಆಮೇಲೆ ಕೇಳೋದು ಬಿಟ್ಟೆ. ಸಂಜೆ ಅವರ ಚಪ್ಪಲಿ ಬಾಗಿಲ ಹತ್ರ ತಿರುಗಿಸಿ ಇಡ್ತಿದ್ದೆ, ನಾನು ನನ್ನದು ಹಾಕ್ಕೊಂಡು ನಿಲ್ತಿದ್ದೆ, ಸ್ಯಾಂಕಿ ಕೆರೆ ಒಂದು ಸುತ್ತು ಹಾಕಿ ಬರ್ತಿದ್ವಿ. ಮಾತಿಲ್ಲ. ಮಳೆ ಬಂದ್ರೆ ಕೊಡೆ. ಕೆಲವು ದಿನ ಅವ್ರು ಬರಲ್ಲ ಅಂದ್ರು, ಆಯ್ತು ಅಂದೆ, ಚಪ್ಪಲಿ ಮಾತ್ರ ಮಾರನೇ ದಿನ ಮತ್ತೆ ತಿರುಗಿಸಿ ಇಟ್ಟೆ.

ಮಗಳಿಗೆ ಸುಳ್ಳು ಹೇಳ್ಬೇಡಿ. ಅಪ್ಪಂಗೆ ಹುಷಾರಿಲ್ಲ, ನಿನ್ನ ಚಿತ್ರ ಕೆಟ್ಟದಾಗಿರೋದ್ರಿಂದ ಅಲ್ಲ ಅಂತ ಅವ್ಳಿಗೆ ಅರ್ಥ ಆಗೋ ಮಾತಲ್ಲಿ ಹೇಳಿ. ಮಕ್ಕಳು ಎಲ್ಲಾ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡುಬಿಡ್ತಾವೆ. ಮತ್ತೆ ನೀವು ಯಾರ ಹತ್ರನಾದ್ರೂ ಮಾತಾಡಿ, ಆ 14416 ಮನೆಯವ್ರಿಗೂ ಇರೋದೇ.

---

ಹನುಮಂತನಗರ_ಹಳಬ
ಜೂನ್ 11, ಬೆಳಿಗ್ಗೆ 10:11

ಕೌನ್ಸೆಲರ್ ಮೇಡಂ ಬರೆದಿದ್ದು ಪೂರ್ತಿ ಓದಿದೆ. ನಮ್ಮಣ್ಣ ಹೀಗೇ ಸುಮ್ಮನಾಗಿಬಿಟ್ಟಿದ್ದ, ವರ್ಷಗಟ್ಟಲೆ. ನಾವೆಲ್ಲಾ ಗುಡ್ಡ ಹತ್ತು, ಪೂಜೆ ಮಾಡು ಅಂತಾನೇ ಹೇಳ್ಕೊಂಡು ಬಂದ್ವಿ. ಆಗ ಇದೆಲ್ಲಾ ಗೊತ್ತಿರಲಿಲ್ಲ. ತಮ್ಮಾ, ನಾನು ಹೇಳಿದ್ದನ್ನ ಬಿಡು, ಡಾಕ್ಟರ್ ಹತ್ರ ಹೋಗು. ಒಬ್ಬನೇ ಹೋಗೋಕೆ ಆಗಲ್ಲ ಅಂದ್ರೆ ಹೇಳು, ನಾನು ರಿಟೈರ್ ಆಗಿದೀನಿ, ಜೊತೇಲಿ ಬಂದು ಕ್ಯೂನಲ್ಲಿ ಕೂತ್ಕೋತೀನಿ.

---

ಕೋಟೆಬೀದಿ_ಕೊಳಲು
ಜುಲೈ 6, ರಾತ್ರಿ 8:55

ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ರಿ, ಅದಕ್ಕೆ ಬರೀತಿದೀನಿ. ಅವತ್ತು ರಾತ್ರಿ ಹೆಂಡ್ತಿ ಪೋಸ್ಟ್ ಓದಿ ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ ‘ಕಡ್ಲೇಕಾಯಿ ಚೆಲ್ಲಿದ ದಿನಾನೇ ಕೇಳ್ಬೇಕಿತ್ತು’ ಅಂದ್ಲು. ರಕ್ತ ಪರೀಕ್ಷೆಲಿ ಥೈರಾಯ್ಡ್ ಸರಿ ಇದೆ, ಬಿ12 ಕಮ್ಮಿ, ಅದಕ್ಕೆ ಇಂಜೆಕ್ಷನ್ ನಡೀತಿದೆ. ಸೈಕಿಯಾಟ್ರಿಸ್ಟ್ ನೋಡಿ ಖಿನ್ನತೆ ಇದೆ ಅಂದ್ರು, ಮಾತ್ರೆ ಶುರುವಾಗಿ ಹದಿನಾರು ದಿನ. ಮೊದಲ ವಾರ ಹೊಟ್ಟೆ ತೊಳೆಸ್ತಿತ್ತು, ಈಗಿಲ್ಲ. ಸರ್, ನೀವು ಕ್ಯೂನಲ್ಲಿ ಕೂತ್ಕೋತೀನಿ ಅಂದಿದ್ದನ್ನ ಅಮ್ಮನಿಗೆ ಓದಿ ಹೇಳ್ದೆ, ಅವ್ರೇ ಹೊರಟು ನಿಂತ್ರು, ನಾನೇ ಬರ್ತೀನಿ ಅಂತ.

ಖುಷಿ ಬಂತಾ ಅಂತ ಕೇಳಿದ್ರೆ ಇನ್ನೂ ಇಲ್ಲ. ನಿದ್ದೆ ಸ್ವಲ್ಪ ಪರವಾಗಿಲ್ಲ. ಕೊಳಲು ಇಳಿಸಿದೀನಿ. ಮೊದಲ ದಿನ ಬರೀ ಒರೆಸಿ ಇಟ್ಟೆ, ಒಳಗೆಲ್ಲಾ ಧೂಳು. ಆಮೇಲೆ ಎಣ್ಣೆ ಹಚ್ಚಿದೆ, ಏಳು ತಿಂಗಳು ಒಣಗಿದ ಬಿದಿರು, ಹಚ್ಚಿದ್ದೆಲ್ಲಾ ಕುಡೀತು, ಮಾರನೇ ದಿನ ಮತ್ತೆ ಹಚ್ಚಬೇಕಾಯ್ತು. ಈಗ ಐದು ದಿನದಿಂದ ಸಂಜೆ ಷಡ್ಜ ಒಂದೇ, ಹತ್ತು ಉಸಿರು, ರಾಗ ಇಲ್ಲ. ಪುಸ್ತಕದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಆ ಒಂದು ಯಾಕೆ ಅಂದ್ರೆ ಮಗಳು ಬಂದು ಪಕ್ಕದಲ್ಲಿ ಕೂತು ಬೆರಳು ಮಡಚಿ ಉಸಿರು ಎಣಿಸ್ತಿದ್ಲು, ಹತ್ತು ಆದ್ಮೇಲೆ ‘ಅಪ್ಪಾ ಇನ್ನೊಂದು’ ಅಂದ್ಲು, ಹನ್ನೊಂದನೇದು ಊದಿದೆ.